ಕಾಲೆತ್ತು ಎಂದು ಕೂಗಿದ ಮಧ್ಯಾಹ್ನ

ಮೂರು ವಾರವಾಯಿತು. ಮೌಂಟನ್ ವ್ಯೂನ ಆಫೀಸಿನಲ್ಲಿ ಮೀಟಿಂಗಿಗೆ ಕೂತರೂ ಕಣ್ಣ ಮುಂದೆ ಆ ಟ್ರೇಲರ್ ಉರುಳುತ್ತದೆ. ಅದರ ಮೇಲೆ ನನ್ನ ಹೆಂಡತಿ ಒಂಟಿ ಕಾಲಿನಲ್ಲಿ ನಿಂತಿದ್ದಾಳೆ.

ಮಂಡ್ಯದಲ್ಲಿ ಹನ್ನೆರಡು ವರ್ಷ ನೆಲದ ಮೇಲೆ ಕೂತು ಪಿಟೀಲು ಕಲಿತವಳು, ಇಲ್ಲಿಗೆ ಬಂದ ಮೇಲೆ ಎದ್ದು ನಿಂತು ಬ್ಲೂಗ್ರಾಸ್ ನುಡಿಸತೊಡಗಿದಳು. ಅಮೆರಿಕದ ಗುಡ್ಡಗಾಡಿನ ಸಂಗೀತ ಅದು: ಬ್ಯಾಂಜೋ, ಗಿಟಾರು, ಆಳೆತ್ತರದ ಬೇಸ್, ಪಿಟೀಲು, ಜೊತೆಗೆ ಮೂಗಿನಲ್ಲಿ ಹಾಡು. ಇವಳ ತಂಡದಲ್ಲಿ ನಾಲ್ವರು. ಅವರದ್ದೊಂದು ನಿಯಮವಿದೆ. ಮಟ್ಟು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ಹಾಡು ಶುರುಮಾಡಿದವರು ಒಂದು ಕಾಲು ಮೇಲೆತ್ತಿದರೆ ಅದು ಕೊನೆಯ ಸುತ್ತು. ಕಾಲು ಏಳುವತನಕ ಯಾರೂ ನಿಲ್ಲಿಸುವಂತಿಲ್ಲ.

ಆ ಭಾನುವಾರ ಮಾರ್ಗನ್ ಹಿಲ್‌ನ ಒಂದು ತೋಟದಲ್ಲಿ ಕಾರ್ಯಕ್ರಮ. ಇಳಿಜಾರಿನಲ್ಲಿ ನಿಲ್ಲಿಸಿದ್ದ, ಹುಲ್ಲು ಸಾಗಿಸುವ ಟ್ರೇಲರೇ ವೇದಿಕೆ. ಚಕ್ರಕ್ಕೆ ಕೊಟ್ಟಿದ್ದ ಮರದ ತುಂಡು ಹೇಗೆ ಜಾರಿತೋ, ಇವಳು ಶುರುಮಾಡಿದ ಮೂರನೆಯ ಹಾಡಿನ ನಡುವೆ ವೇದಿಕೆ ಹೊರಟಿತು.

ಮೊದಲು ನೋಡಿದವರು ಊರಿನಿಂದ ಬಂದಿದ್ದ ನಮ್ಮತ್ತೆ.

"ಅಳಿಯಂದ್ರೇ, ಸ್ಟೇಜು ಹೊಂಟೈತಲ್ಲ!"

"ಏನತ್ತೆ?"

"ದಸರಾ ಸ್ತಬ್ಧಚಿತ್ರ ಇದ್ದಂಗೆ ಮಾಡವ್ರೆ. ಚೆನ್ನಾಗದೆ ಬುಡಿ," ಎಂದು ಮಗಳಿಗೆ ಕೈ ಬೀಸಿದರು. ಅದನ್ನು ಕಂಡು ಸುತ್ತ ಕೂತವರೂ ಚಪ್ಪಾಳೆ ತಟ್ಟಿದರು.

ಇಳಿಜಾರಿನ ಕೆಳಗೆ ಕಲ್ಲು ತುಂಬಿದ ಆಳದ ಕಾಲುವೆ. ನಾನು ಓಡಿದೆ. ನಾಲ್ವರೂ ಒಂದೇ ಮೈಕಿನ ಸುತ್ತ ತಲೆಗೆ ತಲೆ ತಾಗಿಸಿ ಹಾಡುತ್ತಿದ್ದರು. ಮೈಕಿನ ತಂತಿ ಕಿತ್ತುಕೊಂಡಿತು. ಅವರು ದನಿ ಏರಿಸಿದರು. ಬ್ಯಾಂಜೋ ನುಡಿಸುವ ಅಜ್ಜ ಮಾತ್ರ ಕೆಳಗೆ ನೋಡಿ ಬೆಚ್ಚಿದ. ಆದರೆ ಅವನೂ ನಿಲ್ಲಿಸಲಿಲ್ಲ. ಇವಳ ಪಾದವನ್ನೇ ಆಸೆಯಿಂದ ನೋಡತೊಡಗಿದ.

ಆಗ ನಾನು "ಹಾರು" ಎನ್ನಬೇಕಿತ್ತು. ಎರಡು ಡಿಗ್ರಿ ಮಾಡಿದವನಿಗೆ ಅಷ್ಟು ಹೊಳೆಯಬಾರದೇ? ಹಾಡು ನಿಂತರೆ ತಾನೇ ಇವರು ಇಳಿಯುವುದು ಎಂದು ಲೆಕ್ಕ ಹಾಕಿ, "ಕಾಲೆತ್ತೇ! ಕಾಲೆತ್ತು!" ಎಂದು ಕಿರುಚಿದೆ.

ಎತ್ತಿದಳು. ಉರುಳುತ್ತಿರುವ ಹಲಗೆಯ ಅಂಚಿನಲ್ಲಿ ಬಲಗಾಲು ಮಡಚಿ ಕೊಕ್ಕರೆಯಂತೆ ನಿಂತಳು. ಅಜ್ಜನ ಮುಖದಲ್ಲಿ ಕಳೆ ಬಂತು. ಎಲ್ಲರೂ ಸೇರಿ ಕೊನೆಯ ಸುತ್ತನ್ನು ಪೂರ್ತಿ ನುಡಿಸಿದರು, ಒಂದು ಸ್ವರವನ್ನೂ ಬಿಡದೆ. ನಾನು ಪಕ್ಕದಲ್ಲಿ ಏದುಸಿರು ಬಿಡುತ್ತಾ, ಕೈ ಚಾಚಿಕೊಂಡು, ಆ ಸುತ್ತು ಮುಗಿಯಲೆಂದು ಬೇಡುತ್ತಾ ಓಡಿದೆ.

ಕಾಲುವೆಗೆ ಎರಡು ಮಾರು ಇರುವಾಗ ಟ್ರೇಲರ್ ಒಂದು ವಾಲ್‌ನಟ್ ಮರಕ್ಕೆ ಗುದ್ದಿ ನಿಂತಿತು. ಇವಳು ಬೇಸ್‌ನ ಮೇಲೆ ಬಿದ್ದಳು, ಪಿಟೀಲನ್ನು ಮಾತ್ರ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು.

ಹಿಂದಿನಿಂದ ಬಂದ ಅತ್ತೆ ಕೇಳಿದರು, "ಇನ್ನೊಂದ್ಸಲ ಮಾಡ್ತಾರಾ?"

ಸಂಜೆ ಅಪಾರ್ಟ್‌ಮೆಂಟಿನಲ್ಲಿ ಅವಳ ಊದಿದ ಮೊಣಕೈಗೆ ಐಸು ಒತ್ತುತ್ತಾ ಹೇಳಿದೆ, "ತಪ್ಪಾಯ್ತು ಕಣೇ. ಹಾರು ಅನ್ಬೇಕಿತ್ತು."

"ಅಂದಿದ್ರೂ ಹಾರ್ತಿರ್ಲಿಲ್ಲ ಬಿಡ್ರೀ. ಮೈಕು ಕಿತ್ಕೊಂಡಾಗ್ಲೇ ಗೊತ್ತಾಯ್ತು, ಹೋಗ್ತಾ ಇದೀವಿ ಅಂತ."

"ಗೊತ್ತಿತ್ತಾ? ಮತ್ತೆ?"

"ಮತ್ತೇನ್ರೀ, ಇನ್ನೊಂದು ಚರಣ ಬಾಕಿ ಇತ್ತಲ್ಲ."

ಅಲ್ಲಿಂದೀಚೆಗೆ ನನಗೆ ಟ್ರೇಲರಿಗಿಂತ ಇವಳನ್ನು ಕಂಡರೇ ಹೆಚ್ಚು ಹೆದರಿಕೆ. ಬರುವ ಶನಿವಾರ ಎಮರಿವಿಲ್‌ನಲ್ಲಿ ನುಡಿಸುತ್ತಾರೆ, ದೋಣಿಯ ಮೇಲಂತೆ. ಇವಳಿಗೆ ಈಜು ಬರುವುದಿಲ್ಲ.