ಕಾಲು ತೊಳೆದು ಒಳಗೆ ಬಂದ ಅಜ್ಜಿ

ಗೇಟು ತೆಗೆದು ಒಳಗೆ ಬಂದ ಆ ಅಜ್ಜಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ರಾಮನಗರದ ನಮ್ಮ ಮನೆ ತಮ್ಮದೇ ಎಂಬಂತೆ ನೇರ ಅಂಗಳದ ನಲ್ಲಿಗೆ ಹೋಗಿ, ಸೀರೆ ತುಸು ಎತ್ತಿ ಹಿಡಿದು, ಹಿಮ್ಮಡಿ ಉಜ್ಜಿ ಕಾಲು ತೊಳೆದುಕೊಂಡರು. ಆಮೇಲೆ ನನ್ನ ಚಪ್ಪಲಿ ನೋಡಿ ಗದರಿದರು. "ಕಾಲ್ ತೊಳ್ಕಳವ್ವಾ. ಹಂಗೇ ಒಳಿಕ್ ಹೋದ್ರೆ ಹುಳಕ್ಕೆ ರೋಗ ಬತ್ತದೆ."

ಯಾವ ಹುಳವೆಂದು ತಿಳಿಯದಿದ್ದರೂ ತೊಳೆದುಕೊಂಡೆ. ಕಾಂಪೌಂಡಿನ ಮೂಲೆಯಲ್ಲಿ, ಎಷ್ಟು ಸಲ ಕಡಿಸಿದರೂ ಚಿಗುರುವ ಗಿಡವೊಂದಿದೆ. ಅಜ್ಜಿ ಅದರ ಎಲೆ ಬಿಡಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದರು.

ಅಷ್ಟರಲ್ಲಿ ಅವರ ಮಗ ಏದುಸಿರು ಬಿಡುತ್ತ ಬಂದರು. ಬೆಳಗಿನಿಂದ ಬಸ್ ಸ್ಟ್ಯಾಂಡು, ಆಸ್ಪತ್ರೆ ಎಲ್ಲ ಹುಡುಕಿದ್ದರಂತೆ. ತಾಯಿಯ ತೋಳು ಹಿಡಿದುಕೊಂಡೇ ನನ್ನತ್ತ ತಿರುಗಿದರು.

"ನಮ್ಮವ್ವಂಗೆ ಅಲ್ಝೈಮರ್ಸ್ ಕಣಮ್ಮಾ. ಹೊಸ ದಾರಿಗಳೇ ಮೊದ್ಲು ಅಳಿಸೋಯ್ತವೆ ಅಂತಾರೆ ಡಾಕ್ಟ್ರು. ಈಗಿರೋ ಮನೇಲಿ ಬಚ್ಚಲು ಎಲ್ಲೈತೆ ಅಂತ ಗೊತ್ತಾಗಲ್ಲ, ಇಲ್ಲಿಗೆ ಮಾತ್ರ ಸೀದಾ ಬಂದ್ಬುಟ್ಟವ್ಳೆ. ನಿಮ್ಮನೆ ಇರೋ ಜಾಗ್ದಲ್ಲೇ ನಮ್ಮ ರೇಷ್ಮೆಹುಳದ ಮನೆ ಇತ್ತು. ಸುತ್ತ ಹಿಪ್ಪುನೇರಳೆ ತೋಟ. ಆ ಮೂಲೆ ಗಿಡ ಆಗಿಂದೇ."

ಹೊರಡುವಾಗ ಅಜ್ಜಿ ಮಡಿಲ ಸೊಪ್ಪನ್ನೆಲ್ಲ ನನ್ನ ಸೆರಗಿಗೆ ಸುರಿದರು. "ನಾನ್ ಬರೋಗಂಟ ಹುಳಾನ ಒಸಿ ನೋಡ್ಕಳವ್ವಾ."

ಆ ಗಿಡವನ್ನು ಈಗ ಕಡಿಸುವುದಿಲ್ಲ, ಆಳೆತ್ತರ ಬೆಳೆದಿದೆ. ಅಜ್ಜಿ ಮತ್ತೆ ಬಂದಿಲ್ಲ. ಪೇಟೆಯಿಂದ ಬಂದಾಗಲೆಲ್ಲ ನಾನು ನಲ್ಲಿಯ ಬಳಿ ನಿಂತು, ಹಿಮ್ಮಡಿ ಉಜ್ಜಿ, ಕಾಲು ತೊಳೆದೇ ಒಳಗೆ ಹೋಗುತ್ತೇನೆ.