ಎಲ್ಲರ ಕಣ್ಣು ಚೆಂಡಿನ ಮೇಲೆ, ಲವಾನ್ ಕಣ್ಣು ಪಾದದ ಮೇಲೆ

ಹ್ಯಾಡ್ಲಿ ಊರಿನ ಮೈದಾನದಲ್ಲಿ ಇನ್ನೂ ಇಬ್ಬನಿ ಆರಿಲ್ಲ. ಬೇಲಿಯಾಚೆ ಮಂಡಿಯುದ್ದ ಬೆಳೆದ ಮೆಕ್ಕೆಜೋಳದ ಮೇಲೆ ತೆಳ್ಳಗೆ ಮಂಜು ಕೂತಿದೆ. ಮಹಿಳಾ ಅಂಪೈರ್ ಲವಾನ್ ಕುಬಿಚೆಕ್ ಕಾಲಿಗೆ ಪ್ಯಾಡ್ ಕಟ್ಟಿಕೊಂಡು, ಮುಖದ ಜಾಲರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬ್ಯಾಟರ್ ನಿಲ್ಲುವ ಸುಣ್ಣದ ಚೌಕದ ಸುತ್ತ ನಡೆಯುತ್ತಾರೆ. ಎಡಗಡೆಯ ಗೆರೆ ಸೊಟ್ಟಗಿದೆ. ಬೂಟಿನಿಂದ ಅದನ್ನು ಅಳಿಸಿ, ಸುಣ್ಣದ ಗಾಡಿಯನ್ನು ತಾವೇ ತಳ್ಳಿ ಹೊಸ ಗೆರೆ ಎಳೆಯುತ್ತಾರೆ.

“ಗೆರೆನೇ ಸೊಟ್ಟಗಿದ್ರೆ, ದಾಟಿದೆ ಅಂತ ಒಂದು ಮಗೂಗೆ ಯಾವ ಬಾಯಲ್ಲಿ ಹೇಳ್ಲಿ?” ಎನ್ನುತ್ತಾರೆ.

ಅಮೆರಿಕದ ಅಯೋವಾ ರಾಜ್ಯದ ಈ ಭಾಗದಲ್ಲಿ ಬೇಸಿಗೆ ಎಂದರೆ ಬೇಸ್‌ಬಾಲ್‌ನಂಥದ್ದೇ ಆಟವಾದ ಹುಡುಗಿಯರ ಸಾಫ್ಟ್‌ಬಾಲ್. ಬ್ಯಾಟಿಗೆ ಚೆಂಡು ತಾಗುವ ಕ್ಷಣದಲ್ಲಿ ಬ್ಯಾಟರ್‌ಳ ಪಾದ ಪೂರ್ತಿಯಾಗಿ ಚೌಕದ ಹೊರಗೆ ನೆಲ ಮುಟ್ಟಿದ್ದರೆ ಆಕೆ ಔಟ್. ಹೊಡೆತ ಎಷ್ಟೇ ಚೆನ್ನಾಗಿರಲಿ. ಗೆರೆಯ ಮೇಲಿದ್ದರೆ ಒಳಗೇ ಎಂದು ಲೆಕ್ಕ. ಈ ನಿಯಮ ಎಲ್ಲರಿಗೂ ಗೊತ್ತು, ಆದರೆ ಇದನ್ನು ಹಿಡಿದು ಹೇಳುವ ಅಂಪೈರ್‌ಗಳು ಕಡಿಮೆ. ಎಡಗೈ ಹುಡುಗಿಯರು ಓಡಲು ಶುರು ಮಾಡಿಕೊಂಡೇ ಹೊಡೆಯುತ್ತಾರೆ. ಅಷ್ಟು ಹೊತ್ತಿಗೆ ಯಾರ ಕಣ್ಣಾದರೂ ಚೆಂಡಿನ ಬೆನ್ನು ಹತ್ತಿ ಹೋಗಿರುತ್ತದೆ.

“ಕಣ್ಣು ತಾನಾಗೇ ಮೇಲಕ್ಕೆ ಹೋಗುತ್ತೆ, ಅದನ್ನ ಹಿಡ್ಕೊಂಡಿರಬೇಕು,” ಎನ್ನುತ್ತಾರೆ ಲವಾನ್. “ಬಾಣಲೇಲಿ ಎಣ್ಣೆ ಸಿಡೀತಿದ್ರೂ ಪಕ್ಕದ ಒಲೆ ಹಾಲಿನ ಮೇಲೆ ಒಂದು ಗಮನ ಇರಲ್ವಾ? ಹಾಗೇನೇ.”

ಅಡುಗೆಯ ಮಾತು ಸುಮ್ಮನೆ ಬಂದದ್ದಲ್ಲ. ವರ್ಷದ ಉಳಿದ ತಿಂಗಳು ಅವರು ಪಕ್ಕದ ಊರಿನ ಶಾಲೆಯಲ್ಲಿ ಅಡುಗೆಯವರು. ಚಳಿಗಾಲದಲ್ಲಿ ಅವರು ಮಾಡುವ ರಾಜ್ಮಾ-ಮಾಂಸದ ಖಾರದ ಸಾರು, ಜೊತೆಗೆ ಕೊಡುವ ದಾಲ್ಚಿನ್ನಿ ಬನ್ನು, ಎರಡಕ್ಕೂ ಮಕ್ಕಳು ಸಾಲು ಮುರಿದು ನುಗ್ಗುತ್ತಾರೆ. ಮಗಳ ಆಟದ ದಿನ ಅಂಪೈರ್ ಬರಲಿಲ್ಲವೆಂದು ಯಾರೋ ಜಾಲರಿಯನ್ನು ಕೈಗೆ ತುರುಕಿದ್ದೇ ಈ ಕೆಲಸಕ್ಕೆ ನಾಂದಿ. ಆ ಮಗಳಿಗೆ ಈಗ ಮಕ್ಕಳಾಗಿವೆ.

“ಮನೇಲೇ ಅಭ್ಯಾಸ ಆಗಿತ್ತು ಬಿಡಿ. ಮದುವೆ ಆದಾಗಿಂದ ನನ್ನನ್ನ ಔಟ್ ಕೊಡ್ತಾನೇ ಇದಾಳೆ,” ಎಂದು ಲಾರಿ ಓಡಿಸುವ ಗಂಡ ಮೈಲೊ ನಗುತ್ತಾನೆ.

ಚೆಂಡು ಬಡಿದು ಒಮ್ಮೆ ಲವಾನ್ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಅದು ಬೇಗ ಕೂಡಿಕೊಂಡಿತು. ಕಳೆದ ಜುಲೈನ ಪೆಟ್ಟು ಮಾತ್ರ ಹಾಗೆ ವಾಸಿಯಾಗಲಿಲ್ಲ.

ಅದು ವಲಯದ ಅಂತಿಮ ಪಂದ್ಯ. ಕೊನೆಯ ಇನಿಂಗ್ಸ್, ಎರಡೂ ತಂಡ ಸಮಸಮ. ಹ್ಯಾಡ್ಲಿ ಶಾಲೆಯ ಎಡಗೈ ಹುಡುಗಿ ಮಾರೆನ್ ಹೂಕ್ಸ್ಟ್ರಾ ಓಡುತ್ತಲೇ ಚೆಂಡನ್ನು ತಳ್ಳಿದಳು, ಮೂರನೇ ಬೇಸಿನಲ್ಲಿದ್ದ ಜೊತೆಗಾತಿ ಓಡಿಬಂದು ಬ್ಯಾಟರ್ ಬಳಿಯ ಹೋಮ್ ಬೇಸ್ ಮುಟ್ಟಿ ಓಟ ಪೂರೈಸಿದಳು. ಗೆದ್ದೆವೆಂದು ಹ್ಯಾಡ್ಲಿಯ ಜನ ಎದ್ದು ನಿಂತರು. ಆಗ ಲವಾನ್ ಮುಷ್ಟಿ ಎತ್ತಿದರು: ಪಾದ ಹೊರಗಿತ್ತು, ಔಟ್. ಆ ಓಟ ರದ್ದಾಯಿತು. ಆಟ ಮುಂದುವರಿದು ಹ್ಯಾಡ್ಲಿ ಸೋತಿತು. ಮಾರೆನ್‌ಳ ಅಪ್ಪ, ಟ್ರ್ಯಾಕ್ಟರ್ ರಿಪೇರಿಯ ಡ್ವೇನ್, ಬೇಲಿಗೆ ಜೋತುಬಿದ್ದು ಬಾಯಿಗೆ ಬಂದದ್ದನ್ನೆಲ್ಲ ಅಂದ.

ಲವಾನ್‌ಗೆ ದಿನಸಿ ಅಂಗಡಿ, ಚರ್ಚು ಎಲ್ಲವೂ ಹ್ಯಾಡ್ಲಿಯಲ್ಲೇ. ಭಾನುವಾರ ಪ್ರಾರ್ಥನೆಯ ನಡುವೆ ಪರಸ್ಪರ ಕೈಕುಲುಕುವ ಹೊತ್ತಿನಲ್ಲಿ ಮುಂದಿನ ಬೆಂಚಿನ ಡ್ವೇನ್ ತಿರುಗಿ ನೋಡಲಿಲ್ಲ. ಅವನನ್ನು ನೋಡಿ ಅಕ್ಕಪಕ್ಕದವರೂ ತಿರುಗಲಿಲ್ಲ. ಲವಾನ್ ಜಾಲರಿಯನ್ನು ಗ್ಯಾರೇಜಿನ ಮೊಳೆಗೆ ತೂಗುಹಾಕಿದರು. “ಸಾಕಾಗಿತ್ತು. ನನಗೇ ಅನುಮಾನ ಬರೋಕೆ ಶುರುವಾಯ್ತು. ನಾನು ನಿಜವಾಗ್ಲೂ ನೋಡಿದ್ನಾ ಅಂತ.”

ಮಾರ್ಚಿನಲ್ಲಿ ಹಿಮ ಕರಗುವ ಹೊತ್ತಿಗೆ ಬಾಗಿಲು ತಟ್ಟಿದ್ದು ಮಾರೆನ್.

“ಮಿಸೆಸ್ ಕುಬಿಚೆಕ್, ನನ್ನ ಕಾಲು ಹೊರಗಿತ್ತು,” ಅಂದಳು ಹುಡುಗಿ, ಹೊಸ್ತಿಲಲ್ಲೇ ನಿಂತು. “ಅವತ್ತೇ ಗೊತ್ತಿತ್ತು.”

“ಮತ್ತೆ ಯಾಕಮ್ಮಾ ಹೇಳ್ಲಿಲ್ಲ?”

“ಅಪ್ಪ ನನಗೋಸ್ಕರ ಅಷ್ಟು ಕೂಗಾಡಿದ್ದು ಅದೇ ಮೊದಲು. ನಂಗೆ ಅದು ಹಿತವಾಗಿತ್ತು.”

ಲವಾನ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಚಳಿಗಾಲವಿಡೀ ಎದೆಯ ಮೇಲೆ ಹೊತ್ತಿದ್ದ ಭಾರ ಇಳಿದಂತಾಗಿ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಗೆರೆಯೊಳಗೇ ಹೊಡೆಯುವುದನ್ನು ಕಲಿಸುತ್ತೀರಾ ಎಂದು ಮಾರೆನ್ ಕೇಳಿದಳು.

“ಕಲಿಸ್ತೀನಿ. ಮೊದ್ಲು ನಿಮ್ಮಪ್ಪನಿಗೆ ಹೇಳು.”

ಮುಂದಿನ ಭಾನುವಾರ ಡ್ವೇನ್ ಬೆಂಚಿನಲ್ಲಿ ತಿರುಗಿ ಕೈ ಚಾಚಿದ. “ಮಗಳು ಹೇಳಿದ್ಲು. ನಾನು ಅವತ್ತು ಅಂದದ್ದು...”

“ಕೇಳಿಸಿತ್ತು ಡ್ವೇನ್. ಮೂರೂರಿಗೆ ಕೇಳಿಸಿತ್ತು.”

ಅಭ್ಯಾಸ ನಡೆದದ್ದು ಮೈಲೊನ ಲಾರಿ ಶೆಡ್ಡಿನಲ್ಲಿ. ಚೆಂಡು ಎಸೆಯುವವನು ಮೈಲೊ. ಅವನು ಎಸೆದದ್ದು ಹೆಚ್ಚಾಗಿ ಗೋಡೆಗೆ. ಗ್ಯಾರೇಜಿನ ಮೊಳೆಯಿಂದ ಜಾಲರಿಯೂ ಕೆಳಗಿಳಿಯಿತು. ಕಲಿಸಿದ ಮೇಲೆ ಆ ಹುಡುಗಿಯ ಆಟಕ್ಕೆ ತೀರ್ಪು ಕೊಡುವುದು ಸರಿಯಲ್ಲವೆಂದು ಲವಾನ್ ಈ ವರ್ಷ ಹ್ಯಾಡ್ಲಿ ಶಾಲೆಯ ಪಂದ್ಯಗಳನ್ನೆಲ್ಲ ಬಿಟ್ಟುಕೊಟ್ಟರು. ಬೇಸಿಗೆಗೆ ಮುಂಚೆ ಅಂಪೈರ್ ತರಬೇತಿಗೆ ಹೊರಟಾಗ ಮಾರೆನ್ ತಾನೂ ಬರುತ್ತೇನೆಂದು ಕಾರು ಹತ್ತಿದಳು.

ಇವತ್ತು ಚಿಕ್ಕ ಹುಡುಗಿಯರ ಆಟಗಳು. ಮೊದಲನೆಯದು ಮುಗಿಸಿ ಬೆವರು ಒರೆಸಿಕೊಳ್ಳುತ್ತ ಲವಾನ್ ಪ್ರೇಕ್ಷಕರ ಮೆಟ್ಟಿಲ ಸಾಲಿಗೆ ಬಂದು ಡ್ವೇನ್‌ನ ಪಕ್ಕ ಕೂರುತ್ತಾರೆ. ಎರಡನೆಯ ಆಟಕ್ಕೆ ಅಂಪೈರಾಗಿ ಕ್ಯಾಚರ್ ಹಿಂದೆ ನಿಂತಿರುವುದು ಮಾರೆನ್. ನಡು ಆಟದಲ್ಲಿ ಒಬ್ಬ ಪುಟ್ಟ ಹುಡುಗಿ ಓಡುತ್ತಲೇ ಚೆಂಡು ತಳ್ಳುತ್ತಾಳೆ. ಮಾರೆನ್ ಮುಷ್ಟಿ ಏರುತ್ತದೆ.

“ಎಲ್ಲಿ ದಾಟಿದ್ಲು? ಆ ಅಂಪೈರಿಗೆ ಕಣ್ಣಿಲ್ವಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ.

ಡ್ವೇನ್‌ನ ಕುತ್ತಿಗೆ ಕೆಂಪಾಗುತ್ತದೆ. ಅರ್ಧ ಎದ್ದವನ ಅಂಗಿ ತೋಳನ್ನು ಲವಾನ್ ಹಿಡಿದು ಜಗ್ಗುತ್ತಾರೆ. “ಕೂತ್ಕೊಳಪ್ಪ. ಅವಳ ಕೆಲಸ ಅವಳು ನೋಡ್ಕೋತಾಳೆ.”

ಮಾರೆನ್ ಕೂಗಿದವನತ್ತ ತಿರುಗುವುದಿಲ್ಲ. ಮಂಡಿಯೂರಿ, ಮಣ್ಣಿನಲ್ಲಿ ಗೆರೆಯಾಚೆ ಮೂಡಿದ ಪುಟ್ಟ ಬೂಟಿನ ಗುರುತನ್ನು ಆ ಹುಡುಗಿಗೆ ತೋರಿಸುತ್ತಾಳೆ. ಹುಡುಗಿ ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಬ್ಯಾಟು ಎತ್ತಿಕೊಂಡು ಬೆಂಚಿಗೆ ಓಡುತ್ತಾಳೆ.

ಇನ್ನೆಷ್ಟು ವರ್ಷ ಅಂಪೈರಾಗಿ ನಿಲ್ಲುತ್ತೀರಿ ಎಂದು ಕೇಳಿದರೆ ಲವಾನ್ ಮಂಡಿ ಸವರಿಕೊಳ್ಳುತ್ತಾರೆ.

“ಮುಂದಿನ ವರ್ಷನೂ ಬರ್ತೀನಿ. ಆದ್ರೆ ಒಂದೊಂದು ಆಟ ಅವಳಿಗೆ ಬಿಟ್ಕೊಟ್ಟು ಹೀಗೆ ಕೂರೋ ಆಸೆ. ಚೆಂಡು ಹೋಗಿ ಎಲ್ಲಿ ಬೀಳುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಕಲ್ಲ.”