ಅಧ್ಯಕ್ಷೆಯ ಗಂಡನಿಗೊಂದು ಮಧ್ಯಂತರ

ಇಡೀ ಚಿತ್ರಮಂದಿರ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಒಬ್ಬನೇ ಬೆವರುತ್ತ ಕೂರುವ ಕಷ್ಟ ನಿಮಗೆ ಬಾರದಿರಲಿ. ಕಳೆದ ತಿಂಗಳ ಒಂದು ಭಾನುವಾರ ಅದು ನನಗೆ ಬಂತು. ಎ.ಸಿ. ಹಾಕಿದ್ದರು, ಆದರೂ ಬೆವರು.

ಸಿನಿಮಾ ತಮಾಷೆಯದೇ. ಒಂದು ದೇಶಕ್ಕೆ ಹೆಂಗಸೊಬ್ಬಳು ಅಧ್ಯಕ್ಷೆಯಾಗುತ್ತಾಳೆ. ಅವಳ ಗಂಡನಿಗೆ ತಾನೇನು ಮಾಡಬೇಕೆಂದೇ ತಿಳಿಯುವುದಿಲ್ಲ. ಅವಳಿಗಿಂತ ಮುಂದೆ ನಡೆದರೆ ಕಾವಲಿನವರು ಹಿಂದಕ್ಕೆಳೆಯುತ್ತಾರೆ, ಹಿಂದೆ ಉಳಿದರೆ ಗುರುತಿನ ಚೀಟಿ ಕೇಳುತ್ತಾರೆ. ಒಂದು ದಿನ ತಾನೂ ಒಬ್ಬ ಮನುಷ್ಯ ಎಂದು ತೋರಿಸಿಕೊಳ್ಳಲು, ಊಟಕ್ಕೆ ಬಂದ ಪರದೇಶದ ದೊರೆ ಕೇಳಿದ ಒಂದು ದ್ವೀಪವನ್ನು ಆಯ್ತು ಇಟ್ಟುಕೊಳ್ಳಿ ಎಂದುಬಿಡುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಶಶಿಕಲಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಪಾಪ್‌ಕಾರ್ನಿನ ಪೊಟ್ಟಣಕ್ಕೆ ಮುಖ ಬಗ್ಗಿಸಿದೆ. ಅಂಥದೇ ಒಂದು ದ್ವೀಪವನ್ನು ನಾನೂ ಕೊಟ್ಟು ಕೂತಿದ್ದೆ, ಅದೂ ಇಬ್ಬರಿಗೆ.

ಶಶಿ ಮಂಗಳೂರಿನ ಫಳ್ನೀರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ. ಆಯ್ಕೆಯಾದ ದಿನ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಹೆಸರು ಅವರದ್ದು, ಕೆಲಸ ನಿಮ್ಮದಲ್ವಾ?" ಎಂದಿದ್ದರು. ಅದನ್ನು ಕೇಳಿಸಿಕೊಂಡ ಶಶಿ ಸಭೆಯಲ್ಲೇ ಎದ್ದು ನಿಂತು, "ಎಂತ ಇದ್ರೂ ನನ್ನ ಹತ್ರವೇ ಹೇಳಿ. ಇವರು ಹೇಳಿದ್ದು ಲೆಕ್ಕಕ್ಕಿಲ್ಲ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆದರೆ ಊರಿನ ರೂಢಿ ಚಪ್ಪಾಳೆಗೆಲ್ಲ ಹೆದರಿ ಓಡುವಂಥದ್ದಲ್ಲ. ಪಂಚಾಯಿತಿಗೆ ಹೆಂಡತಿ ಗೆದ್ದರೆ ಕುರ್ಚಿಯಲ್ಲಿ ಗಂಡ ಕೂರುತ್ತಾನೆ. ಅಂಥವರ ಸುದ್ದಿ ಓದಿ ನಾನೆಷ್ಟು ಗೇಲಿ ಮಾಡಿದ್ದೇನೋ! ನಮ್ಮ ತುಳುನಾಡಿನಲ್ಲಿ ಅಳಿಯಸಂತಾನದ ಕಾಲದಿಂದ ಮನೆತನ ನಡೆದುಬಂದದ್ದೇ ತಾಯಿಯ ಕಡೆಯಿಂದ, ಗಂಡನೆಂಬವನು ಊಟದ ಹೊತ್ತಿಗೆ ಬರುವ ನೆಂಟ ಎಂದು ಮದುವೆ ಮನೆಗಳಲ್ಲಿ ಸಣ್ಣ ಭಾಷಣವನ್ನೇ ಮಾಡುತ್ತಿದ್ದೆ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು ಎಂಬ ಭಾಗವನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ. ಇಷ್ಟೆಲ್ಲ ತಿಳಿದವನ ಬುದ್ಧಿ ಒಂದು ಫೋನಿಗೆ ಮಣ್ಣು ತಿಂದಿತು.

ಮೊದಲು ಫೋನು ಮಾಡಿದ್ದು ಮೂರನೇ ಮಹಡಿಯ ಮುಮ್ತಾಜ್. ಮಗ ದುಬೈಯಿಂದ ಬರುತ್ತಾನೆ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಸಂಜೆ ನಿಶ್ಚಿತಾರ್ಥ, ತಾರಸಿ ಬೇಕಿತ್ತು. "ನೀವು ಒಂದು ಮಾತು ಹೇಳಿದ್ರೆ ಆಯ್ತಲ್ಲ ಸುರೇಶಣ್ಣ" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ. ಆಯ್ತು ಎಂದೆ, ಶಶಿಗೆ ಹೇಳಲು ಮರೆತೆ. ಎರಡು ದಿನ ಬಿಟ್ಟು ಕೆಳಮಹಡಿಯ ವಸಂತಣ್ಣ, ಅದೇ ಸಂಜೆಗೆ ಮಗಳ ಮೆಹೆಂದಿ ಎಂದು ಅದೇ ತಾರಸಿಯನ್ನು ಕೇಳಿದರು. "ಆಯ್ತು ಮಾರಾಯ್ರೆ, ಅದಕ್ಕೆಂತ!" ಎಂದೆ. ಮಾತಾಡುವಷ್ಟು ಹೊತ್ತು ನೆನಪಿಗೇ ಬಾರದ ಮುಮ್ತಾಜ್, ನಾನು ಫೋನು ಇಟ್ಟ ಮರುಕ್ಷಣ ನೆನಪಾದರು. ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಎರಡೂ ಮನೆಯವರು ನೆಂಟರಿಗೆ ಹೇಳಿಯಾಗಿತ್ತು. ಇದು ಹೊರಬಿದ್ದರೆ ಅಧಿಕಾರ ಗಂಡನದೇ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಶಶಿ ಸಭೆಯಲ್ಲಿ ತಲೆಯೆತ್ತಿ ಆಡಿದ ಮಾತು ನನ್ನಿಂದ ನೀರುಪಾಲಾಗುತ್ತದೆ. ನಾಲ್ಕು ದಿನ ನಿದ್ರೆ ಹತ್ತಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಮಧ್ಯಂತರದ ದೀಪ ಹತ್ತಿತು. ಇನ್ನು ತಡೆಯಲಾರದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಶಶಿ ಪಾಪ್‌ಕಾರ್ನ್ ತಿನ್ನುತ್ತಲೇ ಇದ್ದಳು.

"ಗೊತ್ತುಂಟು. ಲಿಫ್ಟಲ್ಲಿ ಮುಮ್ತಾಜ್ ಥ್ಯಾಂಕ್ಸ್ ಹೇಳಿದ್ರು, ಮೆಟ್ಟಿಲಲ್ಲಿ ವಸಂತಣ್ಣ ಥ್ಯಾಂಕ್ಸ್ ಹೇಳಿದ್ರು. ಇಬ್ಬರನ್ನೂ ಚಹಾಕ್ಕೆ ಕರ್ದೆ. ನಿಶ್ಚಿತಾರ್ಥ ಮಧ್ಯಾಹ್ನ, ಮೆಹೆಂದಿ ಸಂಜೆ. ಒಂದೇ ಶಾಮಿಯಾನ."

"ನನ್ನ ವಿಷಯ ಅವರಿಗೆ ಎಂತ ಹೇಳಿದೆ?"

"ಇವರು ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ, ಅಂದೆ. ಇಬ್ಬರೂ ನಗಾಡಿದ್ರು."

"ಮತ್ತೆ ನನ್ನ ಹತ್ರ ಯಾಕೆ ಕೇಳ್ಲಿಲ್ಲ?"

"ನೀವಾಗಿಯೇ ಹೇಳ್ತೀರೋ ಅಂತ ನೋಡಿದೆ" ಎಂದಳು ಶಶಿ, ಪೊಟ್ಟಣವನ್ನು ನನ್ನತ್ತ ಚಾಚುತ್ತ.

ಲೆಕ್ಕಕ್ಕಿಲ್ಲ ಎನಿಸಿಕೊಂಡು ಅಷ್ಟು ಸಂತೋಷಪಟ್ಟ ಗಂಡಸು ಮಂಗಳೂರಿನಲ್ಲಿ ಇನ್ನೊಬ್ಬನಿರಲಾರ. ಎದೆಯ ಮೇಲಿನ ಕಲ್ಲು ಇಳಿದದ್ದೇ ತಡ, ನಾಲ್ಕು ದಿನದ ಬಾಕಿ ನಿದ್ರೆಯೆಲ್ಲ ಒಟ್ಟಿಗೆ ಬಂತು. ಸಿನಿಮಾದ ಆ ದ್ವೀಪ ಹೋಯಿತೋ ಉಳಿಯಿತೋ ನನಗೆ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ತಾರಸಿಯಲ್ಲಿ ನಿಶ್ಚಿತಾರ್ಥದ ಬಿರಿಯಾನಿಯ ಪಂಕ್ತಿ ಎದ್ದ ಮೇಲೆ, ಮೆಹೆಂದಿಗಾಗಿ ಕುರ್ಚಿಗಳನ್ನೆಲ್ಲ ವೇದಿಕೆಯ ಕಡೆಗೆ ತಿರುಗಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರಿಗೂ ಮಾತು ಕೊಟ್ಟವನು ನಾನೇ ತಾನೆ! ಒಂದೊಂದೇ ಎತ್ತಿಡುತ್ತ ಶಶಿಯನ್ನು ಕೇಳಿದೆ, "ಆ ಸಿನಿಮಾದ ಗಂಡ ಕೊನೆಗೆ ಎಂತ ಆದ?"

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಎರಡನೇ ಮಹಡಿಯವರು. "ಸುರೇಶಣ್ಣ, ನಿಮ್ಮಿಂದ ಒಂದು ಮಾತು ಆಗ್ಬೇಕಿತ್ತು..."

ನಾನು ಫೋನನ್ನು ಶಶಿಯ ಕೈಗಿಟ್ಟು ಇನ್ನೊಂದು ಕುರ್ಚಿ ಎತ್ತಿಕೊಂಡೆ.

"ಸಿನಿಮಾದಲ್ಲೂ ಇದೇ ಆದದ್ದು" ಎಂದು ನಕ್ಕು, ಅವಳು ಫೋನನ್ನು ಕಿವಿಗಿಟ್ಟುಕೊಂಡಳು.